ಮೀನಿನ ಕಣ್ಣು ಮಬ್ಬಾದಾಗ

ಮನೆಯ ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರೊಳಗೆ ನಾಲ್ಕಾರು ಗೋಲ್ಡ್ ಫಿಶ್. ನಮ್ಮ ಅನೇಕ ಕುಟುಂಬಗಳಲ್ಲಿ ಕಾಣುವ ನೋಟವಿದು. ಮಕ್ಕಳಿಗಂತೂ ಅವು ಮನೆಯವರೇ. ನಮ್ಮ ಗುರುಮನೆಯಲ್ಲಿಯೂ ಅಂಥದ್ದೊಂದು ತೊಟ್ಟಿಯಿದೆ. ಒಂದು ಬೆಳಿಗ್ಗೆ ನೋಡಿದರೆ ಒಂದು ಮೀನಿನ ಎರಡೂ ಕಣ್ಣುಗಳು ಮಬ್ಬಾಗಿ ಹೊರಕ್ಕೆ ಉಬ್ಬಿದ್ದವು. ಗಾಬರಿಯಿಂದ ನಾವು, ಹಿಂದೆಂದೋ ಉಳಿದಿದ್ದ ಆಂಟಿಬಯಾಟಿಕ್ ಗುಳಿಗೆಯನ್ನು ಪುಡಿಮಾಡಿ ನೀರಿಗೆ ಹಾಕಿದೆವು. ಮೂರನೆಯ ದಿನ ಆ ಮೀನಿನ ಜೊತೆಗೆ ಚೆನ್ನಾಗಿದ್ದ ಇನ್ನೆರಡು ಮೀನುಗಳೂ ಸತ್ತವು.

ನಮ್ಮ ತಪ್ಪು ಆಮೇಲೆ ತಿಳಿಯಿತು. ಮೀನಿನ ಮಲ ಮತ್ತು ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಂಟಿಬಯಾಟಿಕ್ ಅವುಗಳನ್ನೂ ಕೊಲ್ಲಬಲ್ಲದು. ಗೋಲ್ಡ್ ಫಿಶ್‌ಗೆ ಕಣ್ಣಿನ ರೆಪ್ಪೆಯಿಲ್ಲ. ಕೆಟ್ಟ ನೀರು ನೇರವಾಗಿ ಕಣ್ಣಿಗೇ ತಾಗುತ್ತದೆ. ಆದ್ದರಿಂದ ಮೀನಿನ ಕಣ್ಣು ಕೆಟ್ಟಾಗ ಮೊದಲು ನೋಡಬೇಕಾದದ್ದು ನೀರನ್ನು.

ಗುರುತಿಸುವುದು ಹೇಗೆ? ಒಂದೇ ಕಣ್ಣು ಉಬ್ಬಿದ್ದರೆ ಸಾಮಾನ್ಯವಾಗಿ ಅದು ಪೆಟ್ಟಿನ ಗುರುತು. ಚೂಪಾದ ಕಲ್ಲಿಗೆ ಉಜ್ಜಿರಬಹುದು, ಬಲೆಯಲ್ಲಿ ಹಿಡಿಯುವಾಗ ತಾಗಿರಬಹುದು, ಬೇರೆ ಮೀನು ಕಚ್ಚಿರಬಹುದು. ಎರಡೂ ಕಣ್ಣುಗಳು ಉಬ್ಬಿದ್ದರೆ, ಇಲ್ಲವೆ ಹಲವು ಮೀನುಗಳ ಕಣ್ಣು ಒಮ್ಮೆಗೇ ಮಬ್ಬಾಗಿದ್ದರೆ, ನೀರು ಕೆಟ್ಟಿದೆ ಅಥವಾ ದೇಹದೊಳಗೆ ಸೋಂಕು ತಗುಲಿದೆ ಎಂದು ಶಂಕಿಸಬೇಕು. ಬ್ಲ್ಯಾಕ್ ಮೂರ್ ಜಾತಿಯ ಮೀನಿಗೆ ಸಹಜವಾಗಿಯೇ ಉಬ್ಬುಗಣ್ಣು; ಅದು ರೋಗವಲ್ಲ.

ಚಿಕಿತ್ಸೆ ಏನು? ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಿಟ್‌ನಿಂದ ನೀರನ್ನು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಿರಬೇಕು. ಇಲ್ಲವಾದರೆ ಕೆಲವು ದಿನ ಪ್ರತಿದಿನವೂ ಕಾಲು ಭಾಗದಷ್ಟು ನೀರನ್ನು ಬದಲಾಯಿಸಿ, ಆಹಾರವನ್ನು ಕಡಿಮೆ ಮಾಡಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಿಸುವ ದ್ರಾವಣ ಬೆರೆಸಿಯೇ ಹಾಕಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕಣ್ಣು ಉಬ್ಬಿದ ಮೀನನ್ನು ಬೇರೆ ಪಾತ್ರೆಯಲ್ಲಿಟ್ಟು, 20 ಲೀಟರ್ ನೀರಿಗೆ ಒಂದು ಚಹಾ ಚಮಚದಂತೆ ಎಪ್ಸಮ್ ಉಪ್ಪನ್ನು ಕರಗಿಸಿ ಹಾಕಿದರೆ ಬಾವು ಇಳಿಯಲು ನೆರವಾಗುತ್ತದೆ. ಇದು ಅಡುಗೆಯ ಉಪ್ಪಲ್ಲ, ಔಷಧದ ಅಂಗಡಿಯಲ್ಲಿ ಕೇಳಿ ಪಡೆಯಿರಿ. ಮೀನು ಆಹಾರ ಬಿಟ್ಟರೆ, ಹೊಟ್ಟೆ ಉಬ್ಬಿ ಹುರುಪೆ ನಿಗುರಿದರೆ ಪಶುವೈದ್ಯರನ್ನು ವಿಚಾರಿಸಿ. ಆಂಟಿಬಯಾಟಿಕ್ ಕೊಡುವುದಿದ್ದರೆ ಅವರ ಸಲಹೆಯಂತೆ ಮಾತ್ರ.

ಮಬ್ಬು ಬೇಗ ತಿಳಿಯಾದೀತು, ಬಾವು ಇಳಿಯಲು ವಾರಗಳೇ ಬೇಕಾದೀತು. ಕಣ್ಣು ಹೋದರೂ ಮೀನನ್ನು ಎಸೆಯಬೇಡಿ. ವಾಸನೆಯಿಂದ, ಮೈಯ ಪಕ್ಕದ ಗೆರೆಯಲ್ಲಿ ನೀರಿನ ಅಲುಗಾಟವನ್ನು ಅರಿಯುವ ಶಕ್ತಿಯಿಂದ ಅದು ಆಹಾರ ಹುಡುಕಿಕೊಂಡು ಬದುಕಬಲ್ಲದು.

ಈಗ ನಾವು ದಿನವೂ ಆಹಾರ ಹಾಕುವಾಗ ಒಂದು ನಿಮಿಷ ನಿಂತು ಒಂದೊಂದು ಮೀನಿನ ಕಣ್ಣನ್ನೂ ನೋಡುತ್ತೇವೆ. ನಿಮ್ಮ ಮನೆಯಲ್ಲಿ ಈ ಕೆಲಸವನ್ನು ಮಕ್ಕಳಿಗೆ ವಹಿಸಿರಿ. ನಮಗಿಂತ ಮೊದಲು ಅವರೇ ಕಂಡುಹಿಡಿಯುತ್ತಾರೆ.