ಡ್ರೋನ್ ಹಾರಿಸುವ ಮೊದಲು ಊರಿನ ಒಪ್ಪಿಗೆ



ಡ್ರೋನ್ ಈಗ ಮದುವೆ ಮನೆಯ ಫೋಟೋಕ್ಕೆ ಮಾತ್ರ ಇರುವ ವಸ್ತುವಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಮನೆಗಳ ಜಾಗವನ್ನು ಡ್ರೋನ್‌ನಿಂದಲೇ ಅಳೆದರು. ಮನೆಯ ಗಡಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ, ಮೇಲಿನಿಂದ ಚಿತ್ರ ತೆಗೆದು ನಕ್ಷೆ ಮಾಡುವುದು ಅದರ ಕ್ರಮ. ಗದ್ದೆಗೆ ಮದ್ದು ಹೊಡೆಯಲೂ ಡ್ರೋನ್ ಬಂತು. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಬೆಲೆಯ ಶೇಕಡಾ 80, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ, ಉಳಿದದ್ದಕ್ಕೆ ಸಾಲ. ಒಬ್ಬ ಸದಸ್ಯೆಗೆ 15 ದಿನ ತರಬೇತಿ. ವರ್ಷಕ್ಕೆ ಕನಿಷ್ಠ 1 ಲಕ್ಷ ಹೆಚ್ಚುವರಿ ಆದಾಯ ಬರಬಹುದೆಂದು ಸರ್ಕಾರ ಹೇಳಿತ್ತು. ಅದು 2025-26ರವರೆಗಿನ ಯೋಜನೆ. ಆದುದರಿಂದ ಅರ್ಜಿ ಬರೆಯುವ ಮೊದಲು ತಾಲೂಕು ಪಂಚಾಯತಿನಲ್ಲಿ ಈಗ ಏನಿದೆ ಎಂದು ವಿಚಾರಿಸಿ.

ಆದರೆ ಡ್ರೋನ್ ಬಂದರೆ ಸಾಕೇ? ಬಾಡಿಗೆಗೆ ಕರೆಯುವವರು ಊರಿನವರೇ ಅಲ್ವಾ? ಅವರಿಗೆ ಹೆದರಿಕೆ ಇದ್ದರೆ ಮಿಷನ್ ಮೂಲೆಯಲ್ಲಿ, ಸಾಲದ ಕಂತು ನಮ್ಮ ತಲೆ ಮೇಲೆ.

ಈ ಹೆದರಿಕೆಯನ್ನು ತಿಳಿವಳಿಕೆ ಇಲ್ಲದವರ ಮಾತು ಎಂದು ತಳ್ಳಿಹಾಕಬೇಡಿ. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯೂ ಅದೇ ಆಯಿತು. ತೋಟದ ಬದಿಯಲ್ಲೇ ಮನೆ, ಬಾವಿ, ತೋಡು. ಮಕ್ಕಳ ಅಂಗವೈಕಲ್ಯ, ಕಾಯಿಲೆಗಳ ಬಗ್ಗೆ ತಾಯಂದಿರು ಎಷ್ಟೋ ವರ್ಷ ಹೇಳುತ್ತಲೇ ಇದ್ದರು. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಮೇಲಿನಿಂದ ಮದ್ದು ಎಂದ ಕೂಡಲೇ ಇಲ್ಲಿಯ ಜನಕ್ಕೆ ಇದು ನೆನಪಾಗುತ್ತದೆ. ನೆನಪಾಗಲೇ ಬೇಕು.

ಡ್ರೋನ್ ಹೆಲಿಕಾಪ್ಟರಿನಂತಲ್ಲ, ಬೆಳೆಯ ಮೇಲೆ ಕೆಲವೇ ಅಡಿ ಎತ್ತರದಲ್ಲಿ ಹೋಗುತ್ತದೆ. ಮದ್ದಿನ ಕ್ಯಾನ್ ಬೆನ್ನಿಗೆ ಹೊತ್ತು, ಅದನ್ನೇ ಉಸಿರಾಡುತ್ತಾ ನಡೆಯುವ ಕಷ್ಟ ತಪ್ಪುತ್ತದೆ. ಇದು ದೊಡ್ಡ ಲಾಭವೇ. ಆದರೆ ಎಕರೆಗೆ ಸುಮಾರು 10 ಲೀಟರ್ ನೀರಿನಲ್ಲೇ ಮುಗಿಸುವುದರಿಂದ ದ್ರಾವಣ ಹೆಚ್ಚು ಗಟ್ಟಿ, ಹನಿ ಬಹಳ ಸಣ್ಣದು. ಗಾಳಿ ಇದ್ದರೆ ಪಕ್ಕದವರ ಬಸಳೆ ಚಪ್ಪರಕ್ಕೂ ಜೇನು ಪೆಟ್ಟಿಗೆಗೂ ಹೋಗಿ ಬೀಳುತ್ತದೆ. ಅಡಿಕೆಯಲ್ಲಿ ಇನ್ನೊಂದು ಮಾತು: ಗೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಬಿಟ್ಟ ಮದ್ದು ಗೊನೆಗೆ ಎಷ್ಟು ಮುಟ್ಟಿತು ಎಂದು ಒಂದೆರಡು ಮರದಲ್ಲಿ ನೋಡಿಯೇ ನಂಬಿ.

ಕಾನೂನು ಇದೆ. ಆಕಾಶದಿಂದ ಕೀಟನಾಶಕ ಸಿಂಪಡಿಸುವುದಾದರೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಜನ ಜಾನುವಾರು ಅಲ್ಲಿಗೆ ಹೋಗದಂತೆ ತಡೆಯಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಡ್ರೋನಿಗೆ ನೋಂದಣಿ ಬೇಕು, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ವಿಮಾನ ನಿಲ್ದಾಣದ ಹತ್ತಿರದವರು ಅನುಮತಿಯ ವಿಷಯ ಬೇರೆಯೇ ಕೇಳಿ ತಿಳಿಯಬೇಕು.

ಕ್ಯಾಮೆರಾದ ವಿಷಯ ಹೆಂಗಸರು ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮಾಡಿಲ್ಲದ ಬಚ್ಚಲು ಇನ್ನೂ ಎಷ್ಟೋ ಮನೆಗಳಲ್ಲಿದೆ. ಯಾವ ದಿನ, ಯಾವ ಹೊತ್ತಿಗೆ, ಯಾರ ಜಾಗದ ಮೇಲೆ, ಚಿತ್ರ ಯಾರ ಕೈಯಲ್ಲಿ ಇರುತ್ತದೆ ಎಂದು ನಾವೇ ಮನೆಮನೆಗೆ ಹೋಗಿ ಹೇಳಿದರೆ ಅರ್ಧ ಸಂಶಯ ಹೋಗುತ್ತದೆ. ಹಾರಿಸುವವಳು ಪರಿಚಯದ ಹುಡುಗಿಯಾದರೆ ಇನ್ನೂ ಒಳ್ಳೆಯದು.

ಕಷ್ಟದ ಪ್ರಶ್ನೆ ಕೂಲಿಯದ್ದು. ಮದ್ದು ಹೊಡೆದೇ ಸಂಬಳ ತರುವವರು ನಮ್ಮ ಸದಸ್ಯೆಯರ ಗಂಡಂದಿರೇ, ಕೆಲವು ಕಡೆ ಸದಸ್ಯೆಯರೇ. ಒಂದು ಸಂಘದ ಆದಾಯ ಇನ್ನೊಂದು ಮನೆಯ ಗಂಜಿ ಕಿತ್ತುಕೊಳ್ಳಬಾರದು. ನೀರು ತುಂಬಿಸಲು, ಬ್ಯಾಟರಿ ಬದಲಿಸಲು, ಗಡಿಯಲ್ಲಿ ನಿಂತು ಜನರನ್ನು ತಡೆಯಲು ಆಳು ಬೇಕು. ಆ ಕೆಲಸ ಮೊದಲು ಅವರಿಗೆ ಕೊಡಿ. ಇದೆಲ್ಲ ಸಾಲಕ್ಕೆ ಸಹಿ ಹಾಕುವ ಮೊದಲೇ ಸಂಘದ ಸಭೆಯಲ್ಲಿ ಮಾತಾಡಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಬೇಡ ಎನ್ನುವವರನ್ನೂ ಆ ದಿನ ಕರೆಯಿರಿ.