ಹುಚ್ಚು ವಿಜ್ಞಾನಿಯ ಕುರ್ಚಿಯಲ್ಲಿ ಲಾರಾ ಬೋಮನ್

ಪಾಳುಬಂಗಲೆ, ಗುಡುಗು, ನೆಲಮಾಳಿಗೆಯಲ್ಲೊಂದು ಪ್ರಯೋಗಶಾಲೆ. 1930–40ರ ದಶಕದ ಹಾಲಿವುಡ್ ಭಯಾನಕ ಚಿತ್ರಗಳಲ್ಲಿ ಈ ಸರಂಜಾಮಿನ ಒಡೆಯ ಹೆಚ್ಚುಕಡಿಮೆ ಯಾವಾಗಲೂ ಬಿಳಿಯ ಗಂಡಸು: ಬೆಲಾ ಲುಗೋಸಿ, ಬೋರಿಸ್ ಕಾರ್ಲಾಫ್, ಜಾನ್ ಕ್ಯಾರಡೀನ್. ಕಪ್ಪು ನಟರಿಗೆ ಸಿಗುತ್ತಿದ್ದದ್ದು ಕಣ್ಣರಳಿಸಿ ಹೆದರುವ ಆಳಿನ ಪಾತ್ರ. 1940ರ ‘ಸನ್ ಆಫ್ ಇಂಗಾಗಿ’ಯಲ್ಲಿ ಮಾತ್ರ ಪ್ರಯೋಗಶಾಲೆ ಒಬ್ಬ ವಯಸ್ಸಾದ ಕಪ್ಪು ಹೆಂಗಸಿನದು. ಹೆಸರು ಡಾ. ಹೆಲೆನ್ ಜಾಕ್ಸನ್.

ಆಕೆ ಬಂದ ದಾರಿ ಶುರುವಾಗುವುದು ಒಂದು ಹಸಿ ಸುಳ್ಳಿನಿಂದ. 1930ರಲ್ಲಿ ತೆರೆಕಂಡ ‘ಇಂಗಾಗಿ’, ತಾನು ಕಾಂಗೊ ಕಾಡಿನ ಸಾಕ್ಷ್ಯಚಿತ್ರ ಎಂದು ಹೇಳಿಕೊಂಡಿತ್ತು. ಗೊರಿಲ್ಲಾಗಳಿಗೆ ಹೆಂಗಸರನ್ನು ಒಪ್ಪಿಸುವ ಬುಡಕಟ್ಟಿನ ಕತೆ. ಜನ ಮುಗಿಬಿದ್ದು ನೋಡಿದರು. ಆ ‘ಬುಡಕಟ್ಟಿನವರು’ ಲಾಸ್ ಏಂಜಲೀಸ್‌ನ ನಟಿಯರು. ಗೊರಿಲ್ಲಾ ಚರ್ಮದೊಳಗೆ ಇದ್ದದ್ದು ಫಿಲಿಪೀನ್ಸ್‌ನಲ್ಲಿ ಹುಟ್ಟಿದ ಚಾರ್ಲ್ಸ್ ಗೆಮೋರಾ. ಎರಡು ವರ್ಷಗಳ ನಂತರ ‘ಮರ್ಡರ್ಸ್ ಇನ್ ದ ರೂ ಮಾರ್ಗ್’ ಚಿತ್ರದಲ್ಲೂ ಗೊರಿಲ್ಲಾ ಆದವರು ಅವರೇ. ಅದರಲ್ಲಿ ಲುಗೋಸಿಯ ವಿಜ್ಞಾನಿ ವಾನರನ ರಕ್ತವನ್ನು ಯುವತಿಯರಿಗೆ ಚುಚ್ಚುತ್ತಾನೆ. ಕಾಡಿನ ಕಟ್ಟುಕತೆ ಹೀಗೆ ಪ್ರಯೋಗಶಾಲೆಗೆ ಕಾಲಿಟ್ಟಿತು.

ಆ ಕಾಲದಲ್ಲಿ ಪ್ರತ್ಯೇಕ ಥಿಯೇಟರುಗಳಲ್ಲಿ ಕೂರಬೇಕಿದ್ದ ಕಪ್ಪು ಪ್ರೇಕ್ಷಕರಿಗಾಗಿ, ಕಪ್ಪು ನಟವರ್ಗದೊಂದಿಗೆ ಕಡಿಮೆ ದುಡ್ಡಿನಲ್ಲಿ ತಯಾರಾಗುತ್ತಿದ್ದವು ‘ರೇಸ್ ಮೂವಿ’ಗಳು. ‘ಸನ್ ಆಫ್ ಇಂಗಾಗಿ’ ಅಂಥದ್ದೊಂದು. ನಿರ್ದೇಶಕ ರಿಚರ್ಡ್ ಕಾನ್ ಬಿಳಿಯರು. ಬರೆದದ್ದು ಕಪ್ಪು ನಟ ಸ್ಪೆನ್ಸರ್ ವಿಲಿಯಮ್ಸ್. ಹಳೆಯ ಚಿತ್ರಕ್ಕೂ ಇದರ ಕತೆಗೂ ಸಂಬಂಧವಿಲ್ಲ, ಹೆಸರು ಟಿಕೆಟ್ ಮಾರುತ್ತಿತ್ತು ಅಷ್ಟೆ. ವಿಲಿಯಮ್ಸ್ ತಾವೇ ಪೆದ್ದು ಪತ್ತೇದಾರನ ವೇಷ ಹಾಕಿದರು. ವೈದ್ಯೆಯ ಪಾತ್ರ ಸಿಕ್ಕಿದ್ದು ಲಾರಾ ಬೋಮನ್ ಅವರಿಗೆ. 1903ರಲ್ಲೇ ಲಂಡನ್ ರಂಗಭೂಮಿ ಕಂಡು, ಮುಂದೆ ಲಫಾಯೆಟ್ ಪ್ಲೇಯರ್ಸ್ ತಂಡದಲ್ಲಿ ಪಳಗಿದ ನಟಿ. ಅವರ ಹೆಲೆನ್ ಸಿಡುಕಿ, ಒಂಟಿ, ಆಫ್ರಿಕಾದಿಂದ ಚಿನ್ನವನ್ನೂ ಎನ್‌ಜಿನಾ ಎಂಬ ವಾನರಮಾನವನನ್ನೂ ತಂದು ಮನೆಯಲ್ಲಿ ಬಚ್ಚಿಟ್ಟವಳು. ಮನುಕುಲಕ್ಕೆ ಒಳಿತಾಗುವ ಔಷಧ ಕಂಡುಹಿಡಿದೆನೆಂದು ನಂಬಿದವಳು. ಔಷಧ ಕುಡಿದ ಎನ್‌ಜಿನಾ ಕೆರಳಿ ಆಕೆಯನ್ನೇ ಕೊಲ್ಲುತ್ತಾನೆ.

ಚಿತ್ರ ಒಳ್ಳೆಯದೇನಲ್ಲ. ಕಾಡು, ವಾನರ, ಕಪ್ಪು ಮೈ ಎಂಬ ಹಳೆಯ ಕೊಂಡಿಯನ್ನು ವಿಲಿಯಮ್ಸ್ ಕೂಡ ಕಳಚಲಿಲ್ಲ. ಆದರೂ ಇಲ್ಲಿ ವೈದ್ಯೆ, ವಕೀಲ, ಪೊಲೀಸ್, ನವದಂಪತಿ ಎಲ್ಲರೂ ಕಪ್ಪು ಜನ. ಹೆದರುವುದು ಒಬ್ಬ ಆಳಿನ ಕೆಲಸವಾಗಿ ಉಳಿದಿಲ್ಲ.

ದೊಡ್ಡ ಸ್ಟುಡಿಯೊಗಳು ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. 1943ರಲ್ಲಿ ಯೂನಿವರ್ಸಲ್ ‘ಕ್ಯಾಪ್ಟಿವ್ ವೈಲ್ಡ್ ವುಮನ್’ ತಂದಿತು. ಕ್ಯಾರಡೀನ್‌ನ ವಿಜ್ಞಾನಿ ಹೆಣ್ಣು ಗೊರಿಲ್ಲಾವನ್ನು ಯುವತಿಯಾಗಿಸುತ್ತಾನೆ. ಅಸೂಯೆ ಹತ್ತಿದೊಡನೆ ಆಕೆಯ ಚರ್ಮ ಮೊದಲು ಕಪ್ಪಾಗುತ್ತದೆ, ಆಮೇಲೆ ಕೂದಲು ಬೆಳೆದು ಮತ್ತೆ ಮೃಗ. ಬಿಳಿ ಹೆಣ್ಣಿಗೂ ಗೊರಿಲ್ಲಾಕ್ಕೂ ನಡುವಿನ ಮೆಟ್ಟಿಲು ಕಪ್ಪು ಹೆಣ್ಣು ಎಂದು ಮೇಕಪ್ ವಿಭಾಗವೇ ಬರೆದುಕೊಟ್ಟಂತಿದೆ. ಇಡೀ ಕಾಲಘಟ್ಟದಲ್ಲಿ ಇದಕ್ಕಿಂತ ಅಸಹ್ಯದ ದೃಶ್ಯ ನನಗೆ ನೆನಪಿಲ್ಲ. ಆ ಪಾತ್ರ ಮಾಡಿದ ಅಕ್ವನೆಟಾ ತಾನು ಅರಪಾಹೊ ಮೂಲದವಳು ಎನ್ನುತ್ತಿದ್ದರು. ಸ್ಟುಡಿಯೊ ವೆನೆಜುವೆಲಾದವಳೆಂದು ಮಾರಿತು.

ಬಿಳಿ ಕೋಟಿನ ಕಪ್ಪು ವಿಜ್ಞಾನಿಯನ್ನೇ ಕೇಂದ್ರದಲ್ಲಿಟ್ಟ ‘ಡಾ. ಬ್ಲ್ಯಾಕ್, ಮಿಸ್ಟರ್ ಹೈಡ್’ ಬಂದದ್ದು 1976ರಲ್ಲಿ, ಆ ಪಾತ್ರವೂ ಗಂಡಸಿನದು. ‘ಸನ್ ಆಫ್ ಇಂಗಾಗಿ’ಯ ಹಕ್ಕುಸ್ವಾಮ್ಯ ಈಗಿಲ್ಲ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಬೋಮನ್ ಇರುವಷ್ಟು ಹೊತ್ತು ನೋಡಿ. ಆಮೇಲಿನದ್ದು ನಿಮ್ಮ ತಾಳ್ಮೆಗೆ ಬಿಟ್ಟದ್ದು.