ಪಿಲ್ಲರ್‌ಗೆ ಕಾರ್ಬನ್ ಬಟ್ಟೆ ಸುತ್ತಿದ್ರೆ ಸಾಕಾ?

ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ದಾರೆ. ಅವರ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಎರಡು ಪಿಲ್ಲರ್ ಉದ್ದಕ್ಕೆ ಬಿರುಕು ಬಿಟ್ಟಿವೆ, ಒಳಗಿಂದ ಕಂದು ನೀರು ಇಳಿದ ಕಲೆ ಇದೆ. ಕಂಟ್ರಾಕ್ಟರ್ ಬಂದು, 'ಕಾರ್ಬನ್ ಫೈಬರ್ ಸುತ್ತಿಬಿಡ್ತೀವಿ, ಮೂರೇ ದಿನದ ಕೆಲಸ' ಅಂದಿದ್ದಾರೆ. ಪ್ರತಿ ಮನೆಯಿಂದ ದುಡ್ಡು ಎತ್ತಬೇಕು. ಕೊಡಬಹುದಾ ಅನ್ನೋದು ಪ್ರಶ್ನೆ. ನಾನು ಬಿ.ಕಾಂ. ಓದಿದವನು, ಇಂಜಿನಿಯರ್ ಅಲ್ಲ. ಆದ್ರೆ ಕೊಟೇಶನ್ ಓದೋದು ನನಗೆ ಇಷ್ಟದ ಕೆಲಸ.

ಮೊದಲು, ಸುತ್ತೋದ್ರಿಂದ ಏನಾಗುತ್ತೆ? ಅಕ್ಕಿಯನ್ನ ನೆಲದ ಮೇಲೆ ರಾಶಿ ಸುರಿದು ಅದರ ಮೇಲೆ ನಿಂತರೆ ಎಲ್ಲಾ ಕಡೆ ಹರಡಿಬಿಡುತ್ತೆ. ಅದೇ ಅಕ್ಕಿ ಮೂಟೆಯಲ್ಲಿದ್ರೆ ಅದರ ಮೇಲೆ ಇನ್ನೂ ಹತ್ತು ಮೂಟೆ ಪೇರಿಸಬಹುದು. ಕಾಂಕ್ರೀಟೂ ಹಾಗೇ. ಮೇಲಿಂದ ಭಾರ ಬಿದ್ದಾಗ ಅದು ಪಕ್ಕಕ್ಕೆ ಉಬ್ಬಲು ನೋಡುತ್ತದೆ, ಉಬ್ಬಿ ಸೀಳುತ್ತದೆ. ಆ ಉಬ್ಬನ್ನ ತಡೆಯೋದಕ್ಕೇ ಪಿಲ್ಲರ್ ಒಳಗೆ ಕಂಬಿಗಳ ಸುತ್ತ ರಿಂಗ್ ಕಟ್ಟೋದು. 1928ರಲ್ಲೇ ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಟ್ ಮತ್ತು ಜೊತೆಗಾರರು ಇದನ್ನ ಅಳೆದು ತೋರಿಸಿದ್ರು: ಪಕ್ಕದಿಂದ ಎಷ್ಟು ಒತ್ತಡ ಕೊಡ್ತೀವೋ, ಕಾಂಕ್ರೀಟ್‌ನ ತಾಕತ್ತು ಅದರ ಸುಮಾರು ನಾಲ್ಕು ಪಟ್ಟು ಏರುತ್ತೆ. ಒಳ್ಳೇ ರಿಟರ್ನ್, ಅಲ್ವಾ?

ಕ್ಯಾಲಿಫೋರ್ನಿಯಾದ ಹಳೇ ಸೇತುವೆ ಕಂಬಗಳಲ್ಲಿ ರಿಂಗ್‌ಗಳು ಸುಮಾರು 300 ಮಿ.ಮೀ.ಗೆ ಒಂದು, ಅಷ್ಟೇ. ಭೂಕಂಪ ಬಂದಾಗ ಅವು ಒಡೆದವು. ಹಾಗಾಗಿ ಹೊರಗಿಂದ ಉಕ್ಕಿನ ತಗಡು ತೊಡಿಸೋದು ಶುರುವಾಯ್ತು. 1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಹಾಗೆ ತೊಡಿಸಿದ ಕಂಬಗಳು ನಿಂತವು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಜನವರಿ 17ಕ್ಕೆ, ಜಪಾನಿನ ಕೋಬೆ ನಡುಗಿತು. ಆಮೇಲೆ ಅಲ್ಲಿ ಕಾರ್ಬನ್ ಶೀಟ್ ಸುತ್ತೋದು ಜೋರಾಯ್ತು. ಯಾಕಂದ್ರೆ ಇದು ಹಗುರ, ಕ್ರೇನ್ ಬೇಡ. ಎಪಾಕ್ಸಿ ಅಂಟು ಬಳಿದು ಕೈಯಲ್ಲೇ ಸುತ್ತಬಹುದು.

ಅಂದ್ರೆ ವಿದ್ಯೆ ಸುಳ್ಳಲ್ಲ. ಆದ್ರೆ ನಮ್ಮ ಕೇಳುಗರ ಪಿಲ್ಲರ್‌ಗೆ?

ಅವರು ಕಳಿಸಿದ ಫೋಟೋದಲ್ಲಿ ಪಿಲ್ಲರ್ ದುಂಡಗಿಲ್ಲ. 9 ಇಂಚು ಅಗಲ, 2 ಅಡಿ ಉದ್ದ. ಪಾರ್ಕಿಂಗ್ ಜಾಗ ಉಳಿಯಲಿ, ಗೋಡೆಯಿಂದ ಹೊರಗೆ ಕಾಣದಿರಲಿ ಅಂತ ನಮ್ಮಲ್ಲಿ ಹೀಗೆ ಹಾಕ್ತಾರೆ. ದುಂಡು ಕಂಬವನ್ನ ಬಟ್ಟೆ ಎಲ್ಲಾ ಕಡೆಯಿಂದ ಸಮನಾಗಿ ಅಪ್ಪಿಕೊಳ್ಳುತ್ತದೆ. ಚೌಕದ್ದರಲ್ಲಿ ಹಿಡಿತ ಸಿಗೋದು ಮೂಲೆಗಳಲ್ಲಿ ಮಾತ್ರ, ಮಧ್ಯದ ಚಪ್ಪಟೆ ಭಾಗ ಉಬ್ಬಿದ್ರೆ ಬಟ್ಟೆಯೂ ಜೊತೆಗೆ ಉಬ್ಬುತ್ತೆ. ಮೂಲೆಗಳನ್ನ ಕನಿಷ್ಠ 13 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಉಜ್ಜಬೇಕು, ಇಲ್ಲದಿದ್ರೆ ಫೈಬರ್ ಅಲ್ಲೇ ಕತ್ತರಿಸುತ್ತದೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್‌ನ 440.2ಆರ್ ಮಾರ್ಗದರ್ಶಿ ಇನ್ನೂ ಮುಂದೆ ಹೋಗಿ, ಉದ್ದ ಅಗಲದ ಎರಡು ಪಟ್ಟು ದಾಟಿದ್ರೆ ಭಾರ ಹೊರೋ ತಾಕತ್ತು ಹೆಚ್ಚುತ್ತೆ ಅಂತ ಲೆಕ್ಕ ಹಿಡಿಯಬೇಡಿ ಅನ್ನುತ್ತೆ. ಇವರದ್ದು ಎರಡೂವರೆಗಿಂತ ಜಾಸ್ತಿ! ಕೊಟೇಶನ್‌ನಲ್ಲಿ ಪಿಲ್ಲರ್ ಅಳತೆಯೇ ಇಲ್ಲ, ಬರೀ ಚದರ ಅಡಿ ರೇಟು. ಸೀರೆಗೆ ಫಾಲ್ ಹಾಕಿಸಿದ ಹಾಗೆ.

ಇನ್ನು ಆ ಕಂದು ಕಲೆ. ಅದು ತುಕ್ಕು. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತೆ, ಒಳಗಿಂದಲೇ ಕಾಂಕ್ರೀಟನ್ನ ಸೀಳುತ್ತೆ. ಹಾಳಾದ ಕಾಂಕ್ರೀಟ್ ಒಡೆದು, ಕಂಬಿ ಕ್ಲೀನ್ ಮಾಡಿ, ಸವೆದಿದ್ರೆ ಹೊಸದು ಸೇರಿಸಿ, ರಿಪೇರಿ ಗಾರೆ ತುಂಬಿ, ನೀರು ಬರೋ ದಾರಿ ಮುಚ್ಚಿ, ಆಮೇಲೆ ಸುತ್ತಬೇಕು. ಇದ್ಯಾವುದನ್ನೂ ಮಾಡದೆ ಸುತ್ತಿದ್ರೆ ತೇವ ಒಳಗೇ ಉಳಿಯುತ್ತದೆ, ಮುಂದಿನ ಬಿರುಕು ಯಾರ ಕಣ್ಣಿಗೂ ಬೀಳಲ್ಲ. ನನ್ನ ಪ್ರಕಾರ ಇದು ಏನೂ ಮಾಡದೇ ಬಿಡೋದಕ್ಕಿಂತ ಕೆಟ್ಟದ್ದು. ಪಾಯ ಕುಸಿದು ಬಿರುಕು ಬಂದಿದ್ರಂತೂ ಸುತ್ತಿ ಏನೂ ಪ್ರಯೋಜನವಿಲ್ಲ.

ಹಾಗಾಗಿ ದುಡ್ಡು ಕೊಡೋ ಮುಂಚೆ, ಈ ಕೆಲಸ ಮಾರದ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ನಿಂದ ಟೆಸ್ಟ್ ಮಾಡಿಸಿ, ಡಿಸೈನ್ ಲೆಕ್ಕಕ್ಕೆ ಸಹಿ ಹಾಕಿಸಿಕೊಳ್ಳಿ.

ಬೆಂಕಿ ವಿಷಯವನ್ನೂ ಅವರ ಹತ್ತಿರ ಕೇಳಿ. ಸೈಟ್‌ನಲ್ಲಿ ಬಳಸೋ ಎಪಾಕ್ಸಿ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ. ಬೇಸ್‌ಮೆಂಟ್‌ನಲ್ಲಿ ಒಂದು ಕಾರು ಹೊತ್ತಿಕೊಂಡ್ರೆ ಸುತ್ತಿದ್ದು ಇಲ್ಲದ ಹಾಗೇ. ಆಗ ಆ ಪಿಲ್ಲರ್ ಬಟ್ಟೆಯಿಲ್ಲದೆಯೂ, ಜನ ಕೆಳಗಿಳಿದು ಹೊರಗೆ ಓಡೋವರೆಗಾದ್ರೂ, ಕಟ್ಟಡ ಹೊತ್ತು ನಿಲ್ಲಬೇಕು.